ಅವರು ಅಲ್ಲಿ, ನಾವು ಇಲ್ಲಿ

ಕಳೆದ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ. ಹಿತಕಿದ ಬೇಳೆ ಸಾರು ಮಾಡೋಣ ಅಂತ ರಾತ್ರಿಯೇ ಕಾಳು ನೆನೆಹಾಕಿದ್ದೆ. ಬೆಳಿಗ್ಗೆ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಾ ಕೂತಾಗ, ಹಾಸ್ಟೆಲಿನಿಂದ ಬಂದಿದ್ದ ತಂಗಿಯ ಮಗಳೂ ಎದುರಿಗೆ ಬಂದು ಕೂತಳು. ಬಲಗೈ ಕಾಳಿನ ಮೇಲೆ, ಎಡಗೈ ಫೋನಿನ ಮೇಲೆ. ನಾನು ಹತ್ತು ಕಾಳು ಹಿತುಕಿದರೆ ಅವಳದು ಒಂದು. ಅದರಲ್ಲೂ ಬೇಳೆ ಸಿಪ್ಪೆಯ ತಟ್ಟೆಗೆ, ಸಿಪ್ಪೆ ಬೇಳೆಯ ಪಾತ್ರೆಗೆ.

ಸ್ವಲ್ಪ ಹೊತ್ತಿಗೆ ಮೂಗೆಳೆಯುವ ಸದ್ದು ಕೇಳಿಸಿತು. ತಲೆ ಎತ್ತಿ ನೋಡಿದರೆ ಕಣ್ಣ ತುಂಬಾ ನೀರು.

"ಏನಾಯ್ತೇ?"

"ಕರ್ಣ ಹೋಗ್ಬಿಟ್ಟ, ದೊಡ್ಡಮ್ಮ."

ಅವಳ ಕ್ಲಾಸಿನ ಯಾವುದೋ ಹುಡುಗ ಇರಬೇಕು ಅಂತ ನನ್ನ ಎದೆ ಧಸಕ್ಕೆಂದಿತು. ವಿಚಾರಿಸಿದರೆ ಅದೇ ಕರ್ಣ. ಕುಂತಿಯ ಮಗ.

"ಅವನು ಹೋಗಿ ಎಷ್ಟು ಕಾಲ ಆಯ್ತು! ಇವತ್ತು ಅಳ್ತಾ ಕೂತಿದ್ದೀಯಲ್ಲ."

"ಈ ಕಥೆಯಲ್ಲಿ ಬದುಕ್ತಾನೆ ಅಂತ ಟ್ಯಾಗ್ ಹಾಕಿದ್ರು. ಇಪ್ಪತ್ತೆರಡು ಅಧ್ಯಾಯ ಓದಿಸಿ ಕೊನೇಲಿ ಸಾಯಿಸಿದ್ದಾರೆ. ಇದು ಮೋಸ ತಾನೇ?"

ನನಗೆ ಫ್ಯಾನ್ ಫಿಕ್ಷನ್ ಪರಿಚಯವಾದದ್ದು ಹೀಗೆ. ಇಷ್ಟವಾದ ಕಥೆಯ, ಸಿನಿಮಾದ, ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು ಹೋಗಿ ಓದುಗರೇ ತಮ್ಮದೊಂದು ಕಥೆ ಕಟ್ಟಿ ಇಂಟರ್‌ನೆಟ್ಟಿಗೆ ಹಾಕುವುದು. ಅದರಿಂದ ದುಡ್ಡು ಬರಲ್ಲ. ಹೆಸರೂ ಬರಲ್ಲ, ಯಾಕಂದರೆ ಬರೆದವರ ಹೆಸರಿನ ಜಾಗದಲ್ಲಿ ಯಾವುದೋ ಹೂವು ಅಥವಾ ತಿಂಡಿಯ ಹೆಸರು, ಅದರ ಪಕ್ಕ ನಾಲ್ಕು ಅಂಕಿ. ಆದರೂ ಬರೆಯುತ್ತಾರೆ. ಅಧ್ಯಾಯದ ಮೇಲೆ ಅಧ್ಯಾಯ ಬರೆಯುತ್ತಾರೆ.

ಆ ದಿನ ಸಾರು ಕುದಿಯುವ ಹೊತ್ತಿಗೆ ಒಂದು ಹೊಸ ಪರಿಭಾಷೆಯೇ ನನ್ನ ತಲೆಗೆ ಬಿತ್ತು. ಮೂಲದಲ್ಲಿ ಇರುವುದು ಕ್ಯಾನನ್. ಮೂಲ ಲೇಖಕರು ಮಾಡಿದ ಅನ್ಯಾಯವನ್ನು ಸರಿಮಾಡುವ ಕಥೆ ಫಿಕ್ಸ್-ಇಟ್. ಶಿಪ್ ಅಂದರೆ ಹಡಗಲ್ಲ, ರಿಲೇಶನ್‌ಶಿಪ್ಪಿನ ಬಾಲ. 1990ರ ದಶಕದಲ್ಲಿ ಅಮೆರಿಕದ 'ಎಕ್ಸ್ ಫೈಲ್ಸ್' ಧಾರಾವಾಹಿ ನೋಡುತ್ತಿದ್ದವರಲ್ಲಿ ಒಂದು ಗುಂಪಿಗೆ ಮಲ್ಡರ್ ಮತ್ತು ಸ್ಕಲ್ಲಿ ಒಂದಾಗಲೇಬೇಕು ಅಂತ ಹಟ. ಅವರಿಂದ ಬಂದ ಮಾತು ಅದು. ನನಗೆ ಇದು ಹೊಸದೇನೂ ಅನ್ನಿಸಲಿಲ್ಲ. ನಮ್ಮತ್ತೆ ರಾತ್ರಿ ಎಂಟೂವರೆಗೆ ಟೀವಿ ಮುಂದೆ ಕೂತು "ಇವನಿಗೆ ಅವಳೇ ಸರಿಯಾದ ಹುಡುಗಿ" ಅಂತ ತೀರ್ಪು ಕೊಡುತ್ತಿದ್ದರು. ಹಾಗೆ ಜಾತಕ ನೋಡದೆ ಎಷ್ಟು ಮದುವೆ ಮಾಡಿಸಿದ್ದರೋ. ಅದಕ್ಕೊಂದು ಹೆಸರಿದೆ ಅನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಎಯು, ಅಂದರೆ ಆಲ್ಟರ್ನೇಟ್ ಯೂನಿವರ್ಸ್, ಅಂತ ಇನ್ನೊಂದಿದೆ. ಪಾತ್ರಗಳು ಅವೇ, ಲೋಕ ಮಾತ್ರ ಬೇರೆ. ಅದರಲ್ಲಿ ಕಾಫಿ ಶಾಪ್ ಎಯು ಅಂತ ಒಂದು ಪ್ರಕಾರವೇ ಇದೆ. ರಾಜಕುಮಾರರು, ಮಾಂತ್ರಿಕರು, ಬಾಹ್ಯಾಕಾಶದ ಕ್ಯಾಪ್ಟನ್ನುಗಳು ಎಲ್ಲರೂ ಯುದ್ಧಗಿದ್ಧ ಬಿಟ್ಟು ಕಾಫಿ ಅಂಗಡಿ ಇಟ್ಟುಕೊಂಡಿರುತ್ತಾರೆ. ನಮ್ಮ ಹುಡುಗಿ ಬರೆಯುತ್ತಿರುವುದು ದರ್ಶಿನಿ ಎಯು. ಅದರಲ್ಲಿ ಅಧಿರಥ ಸರ್ಕಾರಿ ಬಸ್ಸಿನ ಡ್ರೈವರ್. ಮಗ ಕರ್ಣ ಎಂಜಿನಿಯರಿಂಗ್ ಓದುತ್ತಾನೆ. ಹಾಸ್ಟೆಲ್ ಫೀಸ್ ಕಟ್ಟಲಾಗದೆ ನಿಂತಾಗ ಕಟ್ಟಿದವನು ದುರ್ಯೋಧನ, ಊರಿನ ದೊಡ್ಡ ಗುತ್ತಿಗೆದಾರರ ಮಗ. ಇಬ್ಬರೂ ಸಂಜೆ ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿಯುತ್ತಾರೆ. ಸೂತ ಅಂದರೆ ಸಾರಥಿ ಅಲ್ವಾ, ಅದಕ್ಕೆ ಡ್ರೈವರ್. ಮೊದಲು ನಕ್ಕೆ. ಆಮೇಲೆ ಯೋಚಿಸಿದರೆ, ಅಂಗರಾಜ್ಯ ಕೊಟ್ಟ ಋಣಕ್ಕಿಂತ ಹಾಸ್ಟೆಲ್ ಫೀಸಿನ ಋಣವೇ ನನಗೆ ಬೇಗ ಅರ್ಥವಾಯಿತು.

ಅವಳ ಮೊದಲ ಕಥೆ ಒಂಬತ್ತನೇ ಕ್ಲಾಸಿನಲ್ಲಿ ಬರೆದದ್ದಂತೆ. ಎಒ3 ಅನ್ನುವ ಜಾಗದಲ್ಲಿ ಹಾಕಿದ್ದಳು. 'ಆರ್ಕೈವ್ ಆಫ್ ಅವರ್ ಓನ್' ಅನ್ನುವುದರ ಚಿಕ್ಕ ಹೆಸರದು. 2009ರಲ್ಲಿ ಅಭಿಮಾನಿಗಳೇ ಸೇರಿ ಶುರುಮಾಡಿದ್ದು. ಜಾಹೀರಾತಿಲ್ಲ, ಲಾಭದ ಮಾತಿಲ್ಲ, ಕೆಲಸ ಮಾಡುವವರು ಸಂಬಳವಿಲ್ಲದ ಸ್ವಯಂಸೇವಕರು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಬಂತು. ಬಂದದ್ದು ಇಡೀ ಸಂಗ್ರಹಕ್ಕೆ. ಆದರೆ ಅಲ್ಲಿ ಒಂದು ಸಾಲು ಬರೆದವರೆಲ್ಲ "ನಾನೂ ಹ್ಯೂಗೋ ವಿಜೇತೆ" ಅಂತ ತಮಾಷೆಗೆ ಹೇಳಿಕೊಳ್ಳತೊಡಗಿದರು. ಪ್ರಶಸ್ತಿಯವರು ಕೊನೆಗೆ ಹಾಗೆಲ್ಲ ಹೇಳಿಕೊಳ್ಳಬಾರದು ಅಂತ ತಿಳಿಸಬೇಕಾಯಿತು. ನಮ್ಮವಳೂ ಆಗ ಎರಡು ಅಧ್ಯಾಯ ಬರೆದಿದ್ದಳು. ಅಲ್ಲಿದ್ದ ಕಥೆಗಳು ಸುಮಾರು 50 ಲಕ್ಷ. ಹ್ಯೂಗೋದಲ್ಲಿ 50 ಲಕ್ಷದಲ್ಲೊಂದು ಪಾಲು ನಮ್ಮ ಮನೆಗೂ ಬಂದಿತ್ತು. ನಮಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಒಂದು ಪಾಯಸವನ್ನಾದರೂ ಮಾಡಬಹುದಿತ್ತು.

ನಾನು ನಗುತ್ತೇನೆ ಸರಿ. ನನ್ನ ಕಥೆ ಬೇರೆಯೇನಲ್ಲ. 1986ರಲ್ಲಿ ನಾನು ಪಿಯುಸಿ. ಮನೆಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ಒಂದು ಧಾರಾವಾಹಿ. ಪ್ರತಿ ಕಂತಿನ ಕೊನೆಗೆ 'ಸಶೇಷ' ಅಂತ ಇರುತ್ತಿತ್ತು. ಆ ಪದ ಕಂಡರೆ ಕೋಪ, ಒಂದು ದಿನ ಅದು ಇರದೇ ಹೋದರೆ ಏನು ಗತಿ ಅಂತ ಭಯ. ಆ ದಿನ ಬಂದೇ ಬಂತು. ಕಥಾನಾಯಕಿಯನ್ನು ಲೇಖಕಿ ಒಬ್ಬ ಸಪ್ಪೆ ಲೆಕ್ಚರರ್‌ಗೆ ಕೊಟ್ಟು ಮುಗಿಸಿಬಿಟ್ಟರು. ನನಗೆ ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನಿಂದ ಶುರುಮಾಡಿ ಹದಿನೆಂಟು ಪುಟ ಬರೆದೆ. ಲೆಕ್ಚರರನ್ನು ಧಾರವಾಡಕ್ಕೆ ವರ್ಗ ಮಾಡಿಸಿದೆ. ಫಾರೆಸ್ಟ್ ಆಫೀಸರನ್ನು ವಾಪಸ್ ಕರೆಸಿದೆ. ಓದಿದವಳು ಒಬ್ಬಳೇ, ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದ ಗೆಳತಿ. ಮಧ್ಯಾಹ್ನದ ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಇಟ್ಟುಕೊಂಡು ಓದಿ ಮುಗಿಸಿ, ನನ್ನ ಮೊಣಕೈ ತಿವಿದು ಪಿಸುಗುಟ್ಟಿದಳು. "ಆಮೇಲೆ?"

ನಮ್ಮಜ್ಜಿ ಹತ್ತಿರ ಈ ಆಮೇಲೆ ನಡೆಯುತ್ತಿರಲಿಲ್ಲ. ಕಥೆ ಮುಗಿಸಿ "ಅವರು ಅಲ್ಲಿ, ನಾವು ಇಲ್ಲಿ" ಅಂತ ಹೇಳಿ ಕಂಬಳಿ ಎಳೆದುಬಿಡುತ್ತಿದ್ದಳು. ಅಂಗಡಿ ಬಾಗಿಲು ಹಾಕಿದ ಹಾಗೆ. ಆ ರಾಣಿ ಈಗ ಎಲ್ಲಿದ್ದಾಳಜ್ಜಿ, ಏನು ತಿಂತಾಳಜ್ಜಿ ಅಂತ ಕೇಳಿದರೆ ಗೊರಕೆಯೇ ಉತ್ತರ.

ಬಾಗಿಲು ಹಾಕಿದ ಮೇಲೂ ಹೊರಗೆ ನಿಂತು ತಟ್ಟುವವರು ಎಲ್ಲ ಕಡೆಯೂ ಇದ್ದಾರೆ. 1893ರ ಡಿಸೆಂಬರಿನಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿದಾಗ ಸಾವಿರಾರು ಜನ ಸ್ಟ್ರ್ಯಾಂಡ್ ಪತ್ರಿಕೆಯ ಚಂದಾ ನಿಲ್ಲಿಸಿದರಂತೆ. ಲಂಡನ್ನಿನ ಹುಡುಗರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರು ಅನ್ನುವುದು ಬರೀ ಕಟ್ಟುಕಥೆ ಅಂತ ನನ್ನ ಗುಮಾನಿ. ಡಾಯ್ಲ್ ಹತ್ತು ವರ್ಷ ಹಟ ಹಿಡಿದು 1903ರಲ್ಲಿ ಹೋಮ್ಸನನ್ನು ಬದುಕಿಸಿದ ಅನ್ನುವುದಂತೂ ನಿಜ.

ನನಗೆ ಅದಕ್ಕಿಂತ ಇಷ್ಟವಾಗುವುದು ಹೋಮ್ಸನ ಗೆಳೆಯ ಡಾಕ್ಟರ್ ವಾಟ್ಸನ್ನನ ಗಾಯ. ಮೊದಲ ಕಥೆಯಲ್ಲಿ ಅವನಿಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ತಗುಲಿದ್ದು ಭುಜಕ್ಕೆ. ಎರಡನೇ ಕಥೆಗೆ ಬರುವಷ್ಟರಲ್ಲಿ ಗಾಯ ಕಾಲಿಗೆ ಇಳಿದಿದೆ. ಡಾಯ್ಲ್‌ಗೆ ಸುಮ್ನೆ ಮರೆತುಹೋಗಿದೆ, ಅಷ್ಟೇ. ಆದರೆ ಅಭಿಮಾನಿಗಳು ಹಾಗೆ ಒಪ್ಪುತ್ತಾರೆಯೇ? ನೂರು ವರ್ಷದಿಂದ ಚರ್ಚೆ ನಡೆಯುತ್ತಲೇ ಇದೆ. ಎರಡು ಗುಂಡೇ, ಒಂದೇ ಗುಂಡು ಎರಡು ಕಡೆ ಹೊಕ್ಕಿತೇ, ಅವನು ಆಗ ಕೂತಿದ್ದನೇ, ಬಗ್ಗಿದ್ದನೇ. ಇನ್ನೊಂದು ಕಥೆಯಲ್ಲಿ ಅವನ ಹೆಂಡತಿಯೇ ಜಾನ್ ವಾಟ್ಸನ್‌ನನ್ನು ಜೇಮ್ಸ್ ಅಂತ ಕರೆದುಬಿಡುತ್ತಾಳೆ. ಇದನ್ನು ಬಿಡಿಸಿದವರು ಡೊರೊಥಿ ಸೇಯರ್ಸ್, ಸ್ವತಃ ದೊಡ್ಡ ಪತ್ತೇದಾರಿ ಲೇಖಕಿ. ವಾಟ್ಸನ್ನನ ಪೂರ್ತಿ ಹೆಸರು ಜಾನ್ ಎಚ್. ವಾಟ್ಸನ್. ಆ ಎಚ್ ಅಂದರೆ ಹೇಮಿಶ್ ಇರಬೇಕು. ಹೇಮಿಶ್ ಅಂದರೆ ಸ್ಕಾಟ್ಲೆಂಡಿನ ಕಡೆ ಜೇಮ್ಸ್. ಹೆಂಡತಿ ಪ್ರೀತಿಯಿಂದ ಹಾಗೆ ಕರೆದಳು. ಎಷ್ಟು ಚೆಂದ ನೋಡಿ. ಲೇಖಕನ ಮರೆವನ್ನು ಗಂಡಹೆಂಡಿರ ಸಲಿಗೆಯಾಗಿ ಮಾಡಿಬಿಟ್ಟರು. ನಮ್ಮ ಮನೆಯಲ್ಲಿ ನಾನು ಇವರನ್ನು ಮೈದುನನ ಹೆಸರಿನಿಂದ ಕರೆದರೆ ಇಷ್ಟು ಉದಾರವಾದ ವ್ಯಾಖ್ಯಾನ ಸಿಗುವುದಿಲ್ಲ.

"ನಮ್ಮಲ್ಲಿ ಇದೆಲ್ಲ ಸಾವಿರ ವರ್ಷದ ಹಿಂದೆಯೇ ಇತ್ತು" ಅನ್ನುವ ಮಾವಂದಿರ ಸಾಲಿಗೆ ಸೇರಲು ನನಗೆ ಮನಸ್ಸಿಲ್ಲ. ಆದರೂ ಪಂಪನ ವಿಷಯ ಬಾಯಿಗೆ ಬರದೇ ಇರಲ್ಲ. 941ರಲ್ಲಿ ಭಾರತದ ಕಥೆಯನ್ನು ತನ್ನ ದೊರೆ ಅರಿಕೇಸರಿಗೆ ಹೊಂದಿಸಿ ಬರೆದ. ಅರ್ಜುನನೇ ನಾಯಕ. ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟಕ್ಕೆ ಕೂರುವುದು ಅರ್ಜುನ, ಸುಭದ್ರೆ. ಇಷ್ಟೆಲ್ಲ ಮಾಡಿದವನ ಮನಸ್ಸು ಕದ್ದವನು ಯಾರು? ಕರ್ಣ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣಾ, ನೆನೆಯುವುದಾದರೆ "ಕರ್ಣನಂ ನೆನೆಯ" ಅಂತ ಗಂಟಲು ತುಂಬಿ ಹೇಳುತ್ತಾನೆ. ಸಂಬಳ ಒಬ್ಬನದು, ಒಲವು ಇನ್ನೊಬ್ಬನ ಕಡೆ. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ "ಅಯ್ಯೋ, ಪಂಪ ನಮ್ಮ ಗುಂಪಿನವನು!" ಅಂತ ಕುಣಿದಳು. ಪಂಪನಿಗೆ ಧರ್ಮವುರ ಅಗ್ರಹಾರ ಸಿಕ್ಕಿತು, ನಿನಗೇನು ಸಿಗುತ್ತೆ ಅಂತ ಕೇಳಿದೆ. "ಕುಡೋಸ್" ಅಂದಳು. ಲೈಕಿನ ತರಹ ಒಂದು ಪುಟಾಣಿ ಹೃದಯದ ಗುರುತಂತೆ.

ಹಾಗಂತ ಕುಮಾರವ್ಯಾಸನ ಗೊಣಗಾಟವನ್ನೂ ಮರೆಯಬಾರದು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ, ಅಲ್ಲಿ ಕಾಲಿಡಲು ಜಾಗವಿಲ್ಲ ಅಂತ ಹೇಳಿ ಅವನು ಭಾರತದ ಕಡೆ ತಿರುಗಿದ. ಎಒ3ಯಲ್ಲಿ ಈಗ ಒಂದು ಕೋಟಿಗೂ ಜಾಸ್ತಿ ಕೃತಿಗಳಿವೆ. ಆದಿಶೇಷನ ಸೊಂಟದ ಗತಿ ದೇವರೇ ಬಲ್ಲ.

ಜಗಳದ ವಿಷಯವನ್ನೂ ಹೇಳಬೇಕು, ಬೇಗ ಹೇಳಿ ಮುಗಿಸುತ್ತೇನೆ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಅಂತ ಕರೆದರು. ಆ ದೇವರುಗಳ ವಂಶದವರು ಈಗ ಫೋನ್ ಹಿಡಿದು ಒಬ್ಬರನ್ನೊಬ್ಬರು ಏನೇನು ಕರೆಯುತ್ತಾರೆ ಅನ್ನುವುದನ್ನು ಬರೆಯುವ ಹಾಗಿಲ್ಲ. ಒಂದು ಧಾರಾವಾಹಿಯ ಬಗ್ಗೆ ನಾನು "ಅತ್ತೆಯ ಪಾತ್ರ ಯಾಕೋ ಜಾಸ್ತಿ ಆಯ್ತು" ಅಂತ ಬರೆದದ್ದಕ್ಕೆ ಒಬ್ಬ ಹುಡುಗ "ಆಂಟಿ, ಹೋಗಿ ಅಡುಗೆ ಮಾಡಿ" ಅಂದ. ನಾನು ಆಗ ಅಡುಗೆಯನ್ನೇ ಮಾಡುತ್ತಿದ್ದೆ, ಹಾಗಾಗಿ ಅಷ್ಟೇನೂ ನೋವಾಗಲಿಲ್ಲ. ನಟನ ಅಭಿಮಾನಿಗೆ ಲಕ್ಷ ಜನ ಬೇಕು, ಕಟೌಟು ಬೇಕು, ಎದುರಾಳಿಯೂ ಬೇಕು. ಕಥೆಯ ಹುಚ್ಚು ಹತ್ತಿದವರಿಗೆ ಒಬ್ಬರು ಸಾಕು.

ಅಂಥ ಒಬ್ಬರು ನನಗೆ ಸಿಕ್ಕಿದ್ದು ನಮ್ಮ ಯಜಮಾನರ ಊರು ಪುತ್ತೂರಿನ ಕಡೆ, ಒಂದು ತಾಳಮದ್ದಳೆಯಲ್ಲಿ. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆ, ಶಾಲಿನಲ್ಲಿ ಕೂತ ಅರ್ಥಧಾರಿಗಳು ಆ ಪದ ಹಿಡಿದು, ತಾವೇ ಪಾತ್ರವಾಗಿ, ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದಕ್ಕೆ ಇಳಿಯುತ್ತಾರೆ. ಅವತ್ತು ಕರ್ಣಭೇದನ ಪ್ರಸಂಗ. ನೀನು ಕುಂತಿಯ ಮಗ ಅಂತ ಕೃಷ್ಣ ಹೇಳುವುದು, ಕರ್ಣ ಒದ್ದಾಡುವುದು. ಚಹಾದ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಅಜ್ಜ ತಡೆಯಲಾರದೆ ನನ್ನ ಕಡೆ ತಿರುಗಿದರು.

"ರಾಧೆಯ ಹಾಲಿನ ವಿಷಯ ಬಿಟ್ಟೇಬಿಟ್ರು ಮಾರಾಯ್ರೆ. ಅದಿಲ್ಲದ ಮೇಲೆ ಎಂತ ಕರ್ಣ?"

ಯಾವ ಹಾಲು ಅಂತ ಕೇಳಿದೆ. ಉದ್ಯೋಗಪರ್ವದಲ್ಲಿ ಕರ್ಣ ಕೃಷ್ಣನಿಗೆ ಹೇಳುವ ಮಾತದು. ಪೆಟ್ಟಿಗೆಯಲ್ಲಿ ಸಿಕ್ಕ ಮಗುವನ್ನು ಎತ್ತಿಕೊಂಡದ್ದೇ ತಡ, ಹೆರದ ರಾಧೆಗೆ ಪ್ರೀತಿಗೆ ಎದೆಹಾಲು ಬಂತಂತೆ. ಅಷ್ಟು ಹೇಳುವಾಗ ಅಜ್ಜನ ಕೈಯ ಲೋಟ ನಡುಗುತ್ತಿತ್ತು. ಒಳಗೆ ಜಾಗಟೆ ಬಡಿದರೂ ನಾವಿಬ್ಬರೂ ಎದ್ದಿರಲಿಲ್ಲ. ಅವರ ಹೆಸರು ಕೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ.

ದರ್ಶಿನಿ ಎಯು ಪೂರ್ತಿ ಓದಿದ ಮೇಲೆ ನಾನು ಹುಡುಗಿಗೆ ಕೇಳಿದ್ದು ಅದನ್ನೇ. "ಡ್ರೈವರ್ ಅಧಿರಥ ಇದಾನೆ. ರಾಧೆ ಎಲ್ಲೇ?"

"ಅವಳದ್ದು ಏನಿದೆ ಬರೆಯೋಕೆ, ದೊಡ್ಡಮ್ಮ? ಕ್ಯಾನನ್‌ನಲ್ಲೇ ನಾಲ್ಕು ಸಾಲಿಲ್ಲ."

"ಇಲ್ಲ ಅಂತಲೇ ಬರೀಬೇಕು."

"ಹಾಗಾದ್ರೆ ನೀನೇ ಬರಿ."

ಬರೆದೆ. ಒಂದೂವರೆ ತಿಂಗಳು ಹಿಡಿಯಿತು. ಫೋನಿನಲ್ಲಿ ಕನ್ನಡ ಟೈಪು ಮಾಡುವುದು ಅವರೆಕಾಳು ಹಿತುಕುವುದಕ್ಕಿಂತ ನಿಧಾನ, ಒತ್ತಕ್ಷರ ಬಂದಲ್ಲೆಲ್ಲ ಒಂದು ನಿಟ್ಟುಸಿರು. ಗಂಗೆಯ ದಡ, ಬೆಳಗಿನ ಜಾವ, ನೀರಿಗೆ ಬಂದ ರಾಧೆ, ತೇಲಿ ಬರುವ ಪೆಟ್ಟಿಗೆ. ಕುಂತಿ ಎಲ್ಲೋ ಮೇಲುಗಡೆ ಅದೇ ಗಂಗೆಯಲ್ಲಿ ಬಿಟ್ಟ ಪೆಟ್ಟಿಗೆ. ಮಗುವನ್ನು ಎತ್ತಿಕೊಳ್ಳುವಲ್ಲಿಗೆ ನಿಲ್ಲಿಸಿ, ಹುಡುಗಿ ಹೇಳಿಕೊಟ್ಟ ಹಾಗೆ ಒಂದು ಆ್ಯಪಿಗೆ ಹಾಕಿದೆ. ಹೆಸರಿನ ಜಾಗದಲ್ಲಿ ನಾನೂ ಒಂದು ಹೂವನ್ನೇ ಇಟ್ಟೆ.

ನಾಲ್ಕು ದಿನ ಯಾರೂ ಇತ್ತ ಸುಳಿಯಲಿಲ್ಲ. ಆ ನಾಲ್ಕು ದಿನದಲ್ಲಿ ಫೋನನ್ನು ಎಷ್ಟು ಸಲ ನೋಡಿದೆ ಅಂತ ಹೇಳಿದರೆ ನನ್ನ ಮರ್ಯಾದೆ ಉಳಿಯಲ್ಲ. ಐದನೇ ದಿನ ರಾತ್ರಿ ಟಿಂಗ್ ಅಂತು. ಯಾರೋ ಒಬ್ಬರು. ಹೆಸರಿನ ಜಾಗದಲ್ಲಿ ಹಕ್ಕಿ.

"ಕುಂತಿ ಪೆಟ್ಟಿಗೆಯನ್ನು ಬಿಟ್ಟದ್ದು ಗಂಗೆಯಲ್ಲಿ ಅಲ್ಲ ಮೇಡಂ, ಅಶ್ವನದಿಯಲ್ಲಿ. ವನಪರ್ವ ನೋಡಿ. ಅಲ್ಲಿಂದ ಚರ್ಮಣ್ವತಿ, ಆಮೇಲೆ ಯಮುನೆ, ಆಮೇಲೆ ಗಂಗೆ, ಆಮೇಲೆ ಚಂಪಾನಗರಿ. ಅದಿರಲಿ, ರಾಧೆ ಮಗುವನ್ನು ಎತ್ತಿಕೊಂಡಳಲ್ಲ, ಹಾಲಿಗೆ ಏನು ಮಾಡಿದಳು? ಬೇಗ ಬರೆಯಿರಿ."

ಎದ್ದು ಕೂತೆ. ಚರ್ಮಣ್ವತಿ ಅಂದರೆ ಈಗಿನ ಚಂಬಲ್ ಇರಬೇಕು. ಮಗನ ಹಳೇ ಅಟ್ಲಾಸು ಅಟ್ಟದ ಮೇಲಿತ್ತು. ಸ್ಟೂಲು ಹಾಕಿ ಇಳಿಸಿ, ಧೂಳು ಕೊಡವಿ, ಅಡುಗೆಮನೆಯ ದೀಪದಡಿ ಹರಡಿಕೊಂಡೆ. ಹನ್ನೊಂದೂವರೆಗೆ ನೀರು ಕುಡಿಯಲು ಎದ್ದು ಬಂದ ಇವರು ಬಾಗಿಲಲ್ಲೇ ನಿಂತರು.

"ಈ ಹೊತ್ತಲ್ಲಿ ಏನೇ ಹುಡುಕ್ತಿದ್ದೀಯಾ?"

"ಪೆಟ್ಟಿಗೆ" ಅಂದೆ. ಬೆರಳು ಆಗ ತಾನೇ ಚಂಬಲ್ ದಾಟಿ ಯಮುನೆಗೆ ಬಿದ್ದಿತ್ತು.