ಮದ್ದೂರು ಒಳಗೆ ಹೋಗುತ್ತಾ?

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ನಾಲ್ಕೇ ದಿನ. ಇಲ್ಲೇ ಮೈಸೂರಿನ ಒಂದು ಪಿಯು ಕಾಲೇಜಿನಿಂದ ಫೋನ್. 'ಸೋಮವಾರದಿಂದ ಬ್ರಿಡ್ಜ್ ಕೋರ್ಸ್ ಮೇಡಂ, ಈಗಲೇ ಸೇರಿಸಿದರೆ ನೀಟ್‌ಗೆ ಅನುಕೂಲ.' ಇನ್ನೂ ರಿಸಲ್ಟೇ ಬಂದಿಲ್ಲ! ಬೇಡ ಅಂದೆ. ಮನೆಯಲ್ಲಿ ಎರಡು ದಿನ ಜೋರು ಮಾತಾಯಿತು, ಅದು ಇಲ್ಲಿ ಬೇಡ.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1994ರಲ್ಲಿ. ರಜ ಅಂದರೆ ಮದ್ದೂರಿನ ಹತ್ತಿರ ಅಜ್ಜಿ ಊರು. ಆ ವರ್ಷ ಅಜ್ಜಿ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, 'ಈ ಸಲ ಎಳನೀರ್ನ ನೀನೇ ಎಣಿಸ್ಕೊಡು ಕಣವ್ವ' ಅಂದಳು. ವ್ಯಾಪಾರಿಯ ಗಾಡಿಗೆ ತುಂಬುವಾಗ ಪಕ್ಕದಲ್ಲಿ ನಿಂತು ಲೆಕ್ಕ ಹಿಡಿಯಬೇಕು. ಅವರು ಎರಡೆರಡು ಕಾಯಿ ಎಸೆಯುತ್ತಲೇ ಇರುತ್ತಾರೆ. ನೂರಾದರೆ ಒಂದು ಗೀಟು. ಮೂರನೇ ಗೀಟಿನ ಹೊತ್ತಿಗೆ ಯಾರೋ ಮಾತಾಡಿಸಿದರು, ಲೆಕ್ಕ ತಪ್ಪಿತು. ಕೊನೆಗೆ ವ್ಯಾಪಾರಿ ಹೇಳಿದ್ದೇ ಲೆಕ್ಕ. ನಲವತ್ತು ಕಾಯಾದರೂ ಹೋಗಿರಬೇಕು. ಸೋದರಮಾವ ಬೈದರು. ಅಜ್ಜಿ ಏನೂ ಅನ್ನಲಿಲ್ಲ. ಮುಂದಿನ ಕೊಯ್ಲಿಗೆ ಅದೇ ನೋಟ್‌ಬುಕ್ ಮತ್ತೆ ನನ್ನ ಕೈಗೇ ಬಂತು. ಆ ದಿನ ದೇವರೇ ಬಂದು ಕರೆದಿದ್ದರೂ ತಿರುಗಿ ನೋಡುತ್ತಿರಲಿಲ್ಲ.

ಸಮ್ಮರ್ ಕ್ಯಾಂಪಿನ ಮೇಲೆ ನನಗೆ ತಕರಾರಿಲ್ಲ. ಮಗಳು ನಾಲ್ಕು ಜನರ ಮುಂದೆ ಗಂಟಲು ಬಿಟ್ಟು ಮಾತಾಡಿದ್ದೇ ರಂಗಾಯಣದ ಚಿಣ್ಣರ ಮೇಳದಲ್ಲಿ. ಆದರೆ ಕ್ಯಾಂಪಿನಲ್ಲಿ ಅವಳು ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ. ಹದಿನೈದು ವರ್ಷಕ್ಕೆ ಮನೆಯ ದುಡ್ಡು, ಮನೆಯ ಬೇಸಾಯ ಒಂಚೂರಾದರೂ ಕೈಗೆ ಸಿಗಬೇಕು ಅಲ್ವಾ? ಕಳೆಯಲಿ ಬಿಡಿ ಒಂದಷ್ಟು.

ಹಾಗಂತ ಹಳೇ ಬೇಸಿಗೆಯೆಲ್ಲ ಚೆನ್ನಾಗಿತ್ತು ಅನ್ನಲಾರೆ. ಅಣ್ಣಂದಿರು ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತರು. ನಾನು ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ನನಗೆ ಇವತ್ತಿಗೂ ಈಜು ಬರಲ್ಲ. ಇನ್ನು ವಿ.ಸಿ. ನಾಲೆ, ಅಂದರೆ ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆ. ಬೆಳೆಗೆ ಸರದಿ ಮೇಲೆ ಕಟ್ಟು ನೀರು ಬಿಟ್ಟರೆ ನಿನ್ನೆ ಒಣಗಿದ್ದ ನಾಲೆ ಇವತ್ತು ತುಂಬಿ ಹರಿಯುತ್ತದೆ. ಸೆಳೆತ ಮೇಲಿಂದ ಕಾಣಿಸುವುದಿಲ್ಲ, ದಡ ಜಾರುತ್ತದೆ. 'ನಾವೆಲ್ಲ ಅಲ್ಲೇ ಕಲಿತಿದ್ದು' ಅಂತ ಸುಮ್ನೆ ಮಕ್ಕಳನ್ನು ಬಿಡುವವರಿಗೆ ದೂರದಿಂದಲೇ ನಮಸ್ಕಾರ. ಮೈಸೂರಿನವರಾದರೆ ಸರಸ್ವತಿಪುರಂ ಈಜುಕೊಳ ಇದೆ, ಅಲ್ಲಿ ಕಲಿಸಿ. ಹೆಣ್ಣುಮಕ್ಕಳನ್ನೂ.

ಸರಿ, ಮಗಳನ್ನು ಒಬ್ಬಳನ್ನೇ ಸೋದರಮಾವನ ಮನೆಗೆ ಕಳಿಸಿದೆ. ಬಸ್ಸಿಗೆ ದುಡ್ಡೂ ಬೇಡ, ಆಧಾರ್ ತೋರಿಸಿದರೆ ಶಕ್ತಿ ಟಿಕೆಟ್. ಆದರೆ 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಶುರುವಾದ ಮೇಲೆ ಕೆಲವು ಬಸ್‌ಗಳು ಊರೊಳಗೆ ಬರದೆ ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ. 'ಹತ್ತುವ ಮುಂಚೆ ಮದ್ದೂರು ಒಳಗೆ ಹೋಗುತ್ತಾ ಅಂತ ಕೇಳು' ಅಂತ ಮೂರು ಸಲ ಹೇಳಿದ್ದೆ. ಕೇಳದೆ ಹತ್ತಿದ್ದಾಳೆ.

'ಅಮ್ಮಾ, ಇದು ಮದ್ದೂರೊಳಗೆ ಹೋಗಲ್ವಂತೆ. ಕಂಡಕ್ಟರ್ ಮಂಡ್ಯದಲ್ಲಿ ಇಳ್ಕೊ ಅಂತಿದ್ದಾರೆ.'

'ಇಳಿದು ಅಲ್ಲೇ ನಿಂತಿರು, ಮಾವನ ಮಗನ್ನ ಕಳಿಸ್ತೀನಿ.'

'ಬೇಡಮ್ಮ. ನೀನು ಫೋನ್ ಇಡು, ನಾನು ಕೇಳ್ಕೊಂಡು ಹೋಗ್ತೀನಿ.'

ಇಟ್ಟೆ. ಒಂದೂವರೆ ಗಂಟೆ ಸುದ್ದಿಯೇ ಇಲ್ಲ. ತೊಳೆದ ಬೇಳೆಯನ್ನೇ ಮತ್ತೆ ತೊಳೆದೆ. ಕೊನೆಗೆ ಫೋನ್ ಬಂತು. ಮದ್ದೂರಿನಲ್ಲಿ ಇಳಿದು ಆಗಲೇ ಅರ್ಧ ಗಂಟೆ ಆಗಿತ್ತಂತೆ. ಹಸಿವಾಗಿತ್ತು, ಮೊದಲು ಎರಡು ವಡೆ ತಿಂದೆ ಅಂದಳು.