ಕಂಬಿಯೊಳಗಿನ ಮಡಿ

ನಮ್ಮ ಜೈಲು ಕೈಪಿಡಿಗಳ ಮೇಲೆ ಸುಪ್ರೀಂ ಕೋರ್ಟಿಗೆ ಯಾಕಿಷ್ಟು ಸಿಟ್ಟೋ! ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಪ್ರಕರಣದಲ್ಲಿ, 2024ರ ಅಕ್ಟೋಬರ್ 3ರಂದು, ಕೈದಿಗಳಿಗೆ ಜಾತಿ ನೋಡಿ ಕೆಲಸ ಹಂಚುವ, ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ನಿಯಮಗಳನ್ನೆಲ್ಲ ಒಂದೇ ಏಟಿಗೆ ಹೊಡೆದುಹಾಕಿತು. ‘ಯೋಗ್ಯ ಜಾತಿ’ಯ ಕೈದಿಯೇ ಅಡುಗೆ ಮಾಡಿ ಸೆಲ್ಲಿಗೆ ಒಯ್ಯಬೇಕು ಎಂದು ಪಶ್ಚಿಮ ಬಂಗಾಳದ ನಿಯಮಗಳು ಬರೆದುಕೊಂಡಿದ್ದವು. ಅಡುಗೆಯವನು ಯಾವ ಕೇಸಿನಲ್ಲಿ ಒಳಗೆ ಬಂದವನು ಎಂಬುದು ಮುಖ್ಯವಲ್ಲ. ಕೊಲೆ ಮಾಡಿದ ಕೈಯಾದರೂ ಸರಿ, ಹುಟ್ಟು ಸರಿಯಿದ್ದರೆ ಸೌಟು ಹಿಡಿಯಬಹುದು.

ಈ ಮಡಿ ಎಲ್ಲಿಂದ ಶುರುವಾಗುತ್ತದೆ ಅನ್ನುವುದೇ ಸ್ವಾರಸ್ಯ. ಅಕ್ಕಿ ಬೆಳೆದವರು ಯಾರು, ಮೂಟೆ ಹೊತ್ತ ಹಮಾಲಿ ಯಾರು, ಟೆಂಡರ್ ಹಿಡಿದು ಕಲ್ಲು ಬೆರೆಸಿದವನು ಯಾರು, ಯಾರೂ ಕೇಳುವುದಿಲ್ಲ. ಉಗ್ರಾಣದಲ್ಲಿ ಹೆಗ್ಗಣ ಹರಿದಾಡಿದರೂ ಮೈಲಿಗೆಯಿಲ್ಲ. ಎಸರಿಟ್ಟ ಮೇಲಷ್ಟೇ ಮಡಿಗೆ ಎಚ್ಚರ. ಉಂಡು ಕೈತೊಳೆದ ಮೇಲೆ ಮತ್ತೆ ನಿದ್ದೆ. ಕಕ್ಕಸು ಕಟ್ಟಿಕೊಂಡಾಗ ಮಾತ್ರ ದಡಬಡಿಸಿ ಎದ್ದು ಬಂದು, ‘ಇಲ್ಲಿ ಆ ಪೈಕಿಯವರು ಯಾರಿದ್ದೀರಪ್ಪಾ?’ ಎಂದು ವಿಚಾರಿಸುತ್ತದೆ.

ಬ್ರಿಟಿಷರ 1894ರ ಜೈಲು ಕಾಯ್ದೆಯ ಪಳೆಯುಳಿಕೆ ಎಂದು ಕೈತೊಳೆದುಕೊಳ್ಳೋಣವೆಂದರೆ ಉತ್ತರ ಪ್ರದೇಶದ ಕೈಪಿಡಿ 2022ರದ್ದು. ಸಾದಾ ಸಜೆ, ಅಂದರೆ ಕಡ್ಡಾಯ ದುಡಿಮೆಯಿಲ್ಲದ ಶಿಕ್ಷೆಯವನಿಗೆ ಕೀಳು ಕೆಲಸ ಕೊಡಬಾರದು ಎಂದಿತು. ಹಾಗೆಂದ ಉಸಿರಿನಲ್ಲೇ, ಆ ಕೆಲಸ ರೂಢಿಯಿರುವ ಸಮುದಾಯದವನಾದರೆ ಅಡ್ಡಿಯಿಲ್ಲ ಎಂದು ಬಾಲ ಅಂಟಿಸಿತು.

ಬಂಗಾಳದ್ದೇ ಇನ್ನೊಂದು ರತ್ನ: ರಾತ್ರಿ ಕಾವಲಿಗೆ ನೇಮಿಸುವ ಕೈದಿಯು ಅಲೆಮಾರಿ ಬುಡಕಟ್ಟಿನಂಥ, ‘ತಪ್ಪಿಸಿಕೊಳ್ಳುವ ಸಹಜ ಪ್ರವೃತ್ತಿ’ ಇರುವ ವರ್ಗದವನಾಗಿರಬಾರದು ಎಂದಿತ್ತು. ಬ್ಯಾಂಕಿಗೆ ಸಾವಿರಾರು ಕೋಟಿ ಪಂಗನಾಮ ಹಾಕಿ ವಿಮಾನ ಹತ್ತಿ ಲಂಡನ್ನಿನಲ್ಲಿ ಇಳಿದವರ ಪ್ರವೃತ್ತಿ ಯಾವ ಬುಡಕಟ್ಟಿನದು ಎಂದು ಕೈಪಿಡಿ ಹೇಳುವುದಿಲ್ಲ. ಅವರು ಕಾವಲಿಗೆ ಅರ್ಜಿ ಹಾಕುವವರೂ ಅಲ್ಲ, ಬಿಡಿ.

ಇದಕ್ಕೆಲ್ಲ ಕೈದಿಗಳ ಧಾರ್ಮಿಕ ಭಾವನೆಗೆ ಧಕ್ಕೆ ಆಗಬಾರದು ಎಂಬ ಸಮರ್ಥನೆ ಬೇರೆ. ಸ್ವಾಮಿ, ರಂಜಾನಿನಲ್ಲಿ ಉಪವಾಸ ಇರುವವನಿಗೆ ಊಟದ ಹೊತ್ತು ಬದಲಿಸಿ ಕೊಡುವುದು ಧಾರ್ಮಿಕ ಹಕ್ಕು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನನಿಗೆ ಬೇಗ ಬಡಿಸುವುದೂ ಹಕ್ಕು. ಅದಕ್ಕಾಗಿ ಪಕ್ಕದ ಬ್ಯಾರಕ್ಕಿನವನು ಮಲ ಎತ್ತಬೇಕಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ 1950ರಲ್ಲೇ ತೆಗೆದುಹಾಕಿದೆ. ಮಲ ಹೊರಿಸಬಾರದೆಂಬ ಕಾನೂನು 1993ರಲ್ಲೇ ಬಂದು, 2013ರಲ್ಲಿ ಇನ್ನಷ್ಟು ಬಿಗಿಯಾಗಿದೆ. ಜೈಲಿನಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ವಿಚಾರಣಾಧೀನರು. ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ಯಾವ ಕೋರ್ಟೂ ಹೇಳಿಲ್ಲ. ಆದರೂ ಗೇಟು ದಾಟಿದ ದಿನವೇ ಪೊರಕೆ ಯಾರಿಗೆ ಎಂದು ತೀರ್ಮಾನವಾಗಿರುತ್ತದೆ. ಇದರಲ್ಲಿ ನಗುವಂಥದ್ದು ಏನಿದೆ? ಸಾಕಾಗಿ ಹೋಗಿದೆ.

ಮೂರು ತಿಂಗಳಲ್ಲಿ ಕೈಪಿಡಿ ತಿದ್ದಿ, ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಿರಿ ಎಂದು ಕೋರ್ಟ್ ಹೇಳಿತು. ಕಾಲಂ ಹೋದರೇನು, ಅಡ್ಡಹೆಸರು ಇದೆ, ಊರು ಕೇರಿ ಇದೆ, ಅಪ್ಪನ ಕಸುಬು ಇದೆ. ಅಡುಗೆ, ಗುಡಿಸುವುದು, ಕಕ್ಕಸು ತೊಳೆಯುವುದು, ಎಲ್ಲವನ್ನೂ ವಾರಕ್ಕೊಮ್ಮೆ ಸರದಿಯ ಮೇಲೆ ಬದಲಿಸಿ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ತೊಡಕು ಇಷ್ಟೇ: ಪಟ್ಟಿ ಬರೆಯುವವನೂ ‘ರೈಟರ್’ ಎಂಬ ಕೈದಿಯೇ. ಆ ಕುರ್ಚಿಗೆ ಯೋಗ್ಯ ಜಾತಿ ಯಾವುದೆಂದು ಯಾವ ಕೈಪಿಡಿಯಲ್ಲೂ ಬರೆಯುವ ಅಗತ್ಯವೇ ಬಿದ್ದಿರಲಿಕ್ಕಿಲ್ಲ.