ಅಮೆರಿಕದಿಂದ ಬಂದ ಸ್ಯಾಟಲೈಟ್ ರೇಡಿಯೊ ಬಳ್ಳಾರಿಯಲ್ಲಿ ಯಾಕೆ ಹಾಡಲ್ಲ

ಸಿಂಧನೂರು, ಕಾರಟಗಿ, ಗಂಗಾವತಿ ಸುತ್ತಿನ ಕ್ಯಾಂಪುಗಳಲ್ಲಿ, ಅಂದರೆ ನೀರಾವರಿ ರೈತರ ಊರುಗಳಲ್ಲಿ, ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಬಹಳ. ಅವರು ರಜೆಗೆ ಬಂದಾಗ ಸೂಟ್‌ಕೇಸಿನ ಹಳೆ ಫೋನು, ಹಳೆ ಕ್ಯಾಮೆರಾಗಳ ಜೊತೆ ಒಮ್ಮೊಮ್ಮೆ ಅಂಗೈ ಅಗಲದ ಸೆಟ್ಟೊಂದು ಬಂದಿರುತ್ತದೆ. ಮೇಲೆ ಎಕ್ಸ್‌ಎಂ ಅಂತಲೋ ಸಿರಿಯಸ್ ಅಂತಲೋ ಬರೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಮಾರುವ ಆ್ಯಪ್‌ಗಳಲ್ಲೂ 'ಸ್ಯಾಟಲೈಟ್ ರೇಡಿಯೊ, ವರ್ಕಿಂಗ್' ಅಂತ ಫೋಟೊ ಹಾಕಿರುತ್ತಾರೆ. ವರ್ಕಿಂಗ್ ಅಂದರೆ ಲೈಟ್ ಹತ್ತುತ್ತದೆ ಅಂತ ಅರ್ಥ, ಅಷ್ಟೇ. ಕೈಗೆ ಬಂದ ಸೆಟ್ಟನ್ನು ಗುಜರಿಗೆ ಹಾಕಬೇಡಿ. ಹಾಗಂತ ದುಡ್ಡು ಕೊಟ್ಟು ತಗೊಳ್ಳಲೂಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಎಕ್ಸ್‌ಎಂ ಮತ್ತು ಸಿರಿಯಸ್ ಅಂದರೆ ಚಂದಾ ಕಟ್ಟಿದವರಿಗೆ ಉಪಗ್ರಹದಿಂದ ನೇರ ರೇಡಿಯೊ ಕೇಳಿಸುವ ಅಮೆರಿಕದ ಸೇವೆಗಳು; ಮೊದಲು ಬೇರೆಬೇರೆ ಕಂಪನಿಗಳು, 2008ರಲ್ಲಿ ಒಂದಾದವು. ಎರಡರ ಪ್ರಸಾರವೂ 2.3 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಎರಡೂ ಉತ್ತರ ಅಮೆರಿಕಕ್ಕೆಂದೇ ಇರುವಂಥವು. ಎಕ್ಸ್‌ಎಂನ ಮೊದಲ ಎರಡು ಉಪಗ್ರಹಗಳು ನಿಂತದ್ದು ಪಶ್ಚಿಮ ರೇಖಾಂಶ 85 ಮತ್ತು 115 ಡಿಗ್ರಿಯಲ್ಲಿ. ಬಳ್ಳಾರಿ ಇರುವುದು ಪೂರ್ವ 77ರಲ್ಲಿ. ಅಂದರೆ ಆ ಉಪಗ್ರಹಗಳ ಜಾಗ ನಮ್ಮ ಕಾಲ ಕೆಳಗೆ, ಭೂಮಿಯ ಆಚೆ ಮಗ್ಗುಲಲ್ಲಿದೆ. ಮಾಳಿಗೆ ಏರಿದರೂ ಇಲ್ಲ, ಕೋಟೆ ಗುಡ್ಡ ಏರಿದರೂ ಇಲ್ಲ. ದೊಡ್ಡ ಆಂಟೆನಾ ಹಾಕಿದರೆ ಹಿಡಿಯುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ.

'ಆಕಾಶ ಬೇಡ ಬಿಡ್ರಿ, ಒಳಗೆ ರೆಕಾರ್ಡ್ ಆದ ಹಾಡಾದರೂ ಕೇಳಬಹುದಲ್ಲ' ಎನ್ನುತ್ತಾರೆ. ಅಲ್ಲೂ ಬೀಗ ಇದೆ. 2006ರಲ್ಲಿ ಬಂದ 'ಪಯೋನಿಯರ್ ಇನ್ನೊ' ಎಂಬ ಎಕ್ಸ್‌ಎಂ ಸೆಟ್ಟಿಗೆ 1 ಜಿಬಿ ಮೆಮೊರಿ. ಅದರಲ್ಲಿ ಸುಮಾರು 50 ಗಂಟೆಯ ಪ್ರಸಾರ ತುಂಬಿಟ್ಟುಕೊಳ್ಳಬಹುದಿತ್ತು. ಹೀಗೆ ತುಂಬಿಕೊಳ್ಳುವುದು ಹಾಡು ಮಾರಿದ ಹಾಗೇ ಆಯಿತು ಅಂತ ಸಂಗೀತ ಕಂಪನಿಗಳು ಅದೇ ವರ್ಷ ಎಕ್ಸ್‌ಎಂ ಮೇಲೆ ಕೇಸ್ ಹಾಕಿದವು. ಆ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಲು ಬರುವುದಿಲ್ಲ, ಚಂದಾ ನಿಂತರೆ ಸೆಟ್ಟಿನಲ್ಲೂ ಬಾಯಿ ಬಿಡುವುದಿಲ್ಲ. ನೀವೇ ತುಂಬಿದ ಎಂಪಿ3ಗೆ ಮಾತ್ರ ಈ ಬೀಗ ಇಲ್ಲ. 128 ಕೆಬಿಪಿಎಸ್ ಫೈಲಾದರೆ ನಿಮಿಷಕ್ಕೆ ಸುಮಾರು 1 ಎಂಬಿ. 1 ಜಿಬಿಗೆ ಹದಿನಾರು-ಹದಿನೇಳು ಗಂಟೆ ಹಾಡು ಹಿಡಿಸುತ್ತದೆ. ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನ, ದಾಸರ ಪದ, ಒಂದಿಷ್ಟು ರಂಗಗೀತೆ ತುಂಬಿದರೂ ಜಾಗ ಮಿಗುತ್ತದೆ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಹಳೆ ಸೆಟ್ಟಿನ ಪರದೆಯಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತದೆ.

ಚಾರ್ಜರ್ ವಿಷಯದಲ್ಲಿ ಅವಸರ ಮಾಡಿ ಸೆಟ್ಟು ಸುಟ್ಟುಕೊಂಡವರೇ ಹೆಚ್ಚು. ಅಡಾಪ್ಟರ್ ಬೆನ್ನ ಮೇಲೆ ಇನ್‌ಪುಟ್ 100-240 ಅಂತ ಇದ್ದರೆ ಪಿನ್ ಬದಲಿಸುವ ತುಂಡು ಹಾಕಿ ನಮ್ಮ ಪ್ಲಗ್‌ಗೆ ಸಿಕ್ಕಿಸಬಹುದು. ಬರೀ 120 ವೋಲ್ಟ್ ಅಂತ ಇದ್ದರೆ ಮುಟ್ಟಬೇಡಿ, ನಮ್ಮ 230ಕ್ಕೆ ಒಳಗಿನ ಟ್ರಾನ್ಸ್‌ಫಾರ್ಮರ್ ಹೊಗೆಯಾಡುತ್ತದೆ. ಬೇರೆ ಅಡಾಪ್ಟರ್ ತರುವುದಾದರೆ ಔಟ್‌ಪುಟ್ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದು ತಾಳೆಯಾಗಬೇಕು. ಜ್ಯಾಕ್ ಕೂತಿತು ಅಂತ 5 ವೋಲ್ಟ್ ಸೆಟ್ಟಿಗೆ 12 ವೋಲ್ಟ್ ಕೊಟ್ಟರೆ ಚಂದಾ ಇದ್ದರೂ ಇಲ್ಲದಿದ್ದರೂ ಅದರ ಕತೆ ಅಲ್ಲಿಗೆ ಮುಗಿಯಿತು.

ಬ್ಯಾಟರಿ ಲಿಥಿಯಂ. ಇಷ್ಟು ವರ್ಷ ಡ್ರಾದಲ್ಲಿದ್ದರೆ ಉಬ್ಬಿರುವ ಸಾಧ್ಯತೆಯೇ ಹೆಚ್ಚು. ಹಿಂದಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಪರದೆ ಮೇಲೆದ್ದಿದೆ ಅಂದರೆ ಚಾರ್ಜಿಗೇ ಹಾಕಬೇಡಿ. ರಾಯಚೂರಿನ ತೀನ್ ಕಂದೀಲ್, ಬಳ್ಳಾರಿಯ ಬೆಂಗಳೂರು ರಸ್ತೆ ಕಡೆಯ ಮೊಬೈಲ್ ರಿಪೇರಿಯವರಿಗೆ ತೋರಿಸಿ, ಉದ್ದ-ಅಗಲ-ದಪ್ಪ ಅಳೆದು 3.7 ವೋಲ್ಟಿನ ಪೌಚ್ ಸೆಲ್ ಕೇಳಿ. ಹಳೆಯದಕ್ಕೆ ಮೂರು ವೈರಿದ್ದರೆ ಮೂರನೆಯದು ಸಾಮಾನ್ಯವಾಗಿ ಬಿಸಿ ಅಳೆಯುವುದು, ಹೊಸದಕ್ಕೂ ಅದಿರಬೇಕು; ಇಲ್ಲದಿದ್ದರೆ ಸೆಟ್ಟು ಚಾರ್ಜ್ ತಗೊಳ್ಳುವುದೇ ಇಲ್ಲ. ನಮ್ಮ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಂಥದ್ದನ್ನು ಇಡುವುದು, ಒಲೆ ಮೇಲೆ ಇಡುವುದು ಎರಡೂ ಒಂದೇ.

ಎಫ್‌ಎಂ ಬಗ್ಗೆ ಒಂದು ಸೂಕ್ಷ್ಮ. ಅಮೆರಿಕದ ಟ್ಯೂನರ್ 0.2 ಹೆಜ್ಜೆಯಲ್ಲಿ ಓಡುತ್ತದೆ: 88.1, 88.3, 88.5 ಹೀಗೆ. ಹೊಸಪೇಟೆ ಆಕಾಶವಾಣಿಯ 100.5 ಆ ಸಾಲಿಗೆ ಬೀಳುತ್ತದೆ, ಅದೃಷ್ಟ. ದಶಮಾಂಶ ಚುಕ್ಕೆಯ ನಂತರ ಸಮಸಂಖ್ಯೆ ಇರುವ ನಿಲಯ ಮಾತ್ರ ಸರಿಯಾಗಿ ಕೂರುವುದಿಲ್ಲ. ಮೀಡಿಯಂ ವೇವ್ ಇರುವ ಅಮೆರಿಕದ ರೇಡಿಯೊ ಇನ್ನೂ ಪೇಚು. ಅದು 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಓಡುತ್ತದೆ, ನಮ್ಮವು 9ರ ಲೆಕ್ಕದವು. ಧಾರವಾಡದ 765, ಬೆಂಗಳೂರಿನ 612, ಕಲಬುರಗಿಯ 1107 ಯಾವುವೂ ನೇರ ಸಿಗುವುದಿಲ್ಲ; 760ಕ್ಕೋ 770ಕ್ಕೋ ನಿಂತು ಧ್ವನಿ ಒಡೆಯುತ್ತದೆ. ಸೆಟ್ಟಿಂಗಿನಲ್ಲೋ ತಳದಲ್ಲೋ 9ಕೆ-10ಕೆ ಸ್ವಿಚ್ ಇದೆಯಾ ಹುಡುಕಿ.

ಇನ್ನು ನಮ್ಮ ಕಡೆಯೇ ಮಾರಾಟವಾದ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ಸೆಟ್ಟು. ಈ ಕಂಪನಿಯ ಚಂದಾದಾರರಲ್ಲಿ ಬಹುಪಾಲು ಭಾರತದವರೇ ಇದ್ದರು. 2000ದ ಮಾರ್ಚಿನಲ್ಲಿ ಹಾರಿದ ಅದರ ಏಷ್ಯಾಸ್ಟಾರ್ ಉಪಗ್ರಹ ಪೂರ್ವ 105 ಡಿಗ್ರಿಯಲ್ಲಿತ್ತು. ಬಳ್ಳಾರಿಯಿಂದ ನೋಡಿದರೆ ಪೂರ್ವದಿಂದ ದಕ್ಷಿಣಕ್ಕೆ ಸುಮಾರು 26 ಡಿಗ್ರಿ ಸರಿದು, 53 ಡಿಗ್ರಿ ಎತ್ತರದಲ್ಲಿ. ಅಲ್ಲಿಗೆ ಮುಖ ಮಾಡಿದ ಚೌಕ ಆಂಟೆನಾಕ್ಕೆ ಬೇವಿನ ಮರ ಅಡ್ಡ ಬಂದರೂ ಹಾಡು ನಿಲ್ಲುತ್ತಿತ್ತು. ಕನ್ನಡಕ್ಕೆ ಸ್ಪರ್ಶ, ಹಿಂದೂಸ್ತಾನಿಗೆ ಗಂಧರ್ವ, ಕರ್ನಾಟಕ ಸಂಗೀತಕ್ಕೆ ಶ್ರುತಿ ಅಂತ ಚಾನೆಲ್‌ಗಳಿದ್ದವು. ಜಾಹೀರಾತಿನ ಗದ್ದಲ ಇಲ್ಲದೆ ದಿನವಿಡೀ ಹಿಂದೂಸ್ತಾನಿ ಕೇಳಿಸಿದ ಇನ್ನೊಂದು ರೇಡಿಯೊ ಈ ಭಾಗಕ್ಕೆ ಬರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2008ರ ಅಕ್ಟೋಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ಬಂದ್. ಮುಂಗಡ ಚಂದಾ ಕಟ್ಟಿದವರ ಕೈಯಲ್ಲಿ ಉಳಿದದ್ದು ಡಬ್ಬಿ ಮಾತ್ರ.

ಆ ಡಬ್ಬಿಯ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಚೆನ್ನಾಗಿದ್ದರೆ ಬ್ಲೂಟೂತ್ ಮಾಡ್ಯೂಲ್ ಕೂರಿಸಬಹುದು. ಆಂಪ್ ಐಸಿಗೆ (ಆಂಪ್ಲಿಫೈಯರ್ ಚಿಪ್‌ಗೆ) ಹೋಗುವ ಸಿಗ್ನಲ್ ದಾರಿ ಕತ್ತರಿಸಿ, ಮಾಡ್ಯೂಲಿನ ಎಡ-ಬಲ ಎರಡಕ್ಕೂ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಒಂದುಗೂಡಿಸಿ, ನಡುವೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಸೇರಿಸಿ. ಒಂದೇ ಸ್ಪೀಕರಿನ ಸೆಟ್ಟಿಗೆ ಈ ಲೆಕ್ಕ. ಗುಂಯ್ ಅಂತ ಸದ್ದು ಬಂದರೆ ಮಾಡ್ಯೂಲಿಗೆ ಬೇರೆ 5 ವೋಲ್ಟ್ ಸಪ್ಲೈ ಕೊಟ್ಟು ನೋಡಿ. ಗ್ರೌಂಡ್ ಲೂಪ್, ಅಂದರೆ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಹುಟ್ಟುವ ಸದ್ದು, ಆಗಿರುತ್ತದೆ.

ಉಪಗ್ರಹದಿಂದಲೇ ರೇಡಿಯೊ ಬೇಕು ಅನ್ನುವವರಿಗೆ ಇವತ್ತು ಇರುವ ದಾರಿ ಡಿಡಿ ಫ್ರೀ ಡಿಶ್. ಬಹಳ ಜನ ಟಿವಿಗೆ ಮಾತ್ರ ಅಂದುಕೊಂಡಿದ್ದಾರೆ, ಅದರಲ್ಲಿ ಆಕಾಶವಾಣಿಯ ಹತ್ತಾರು ಚಾನೆಲ್ ಬರುತ್ತವೆ. ತಿಂಗಳ ಚಂದಾ ಇಲ್ಲ. ಉಪಗ್ರಹ ಜಿಸ್ಯಾಟ್-15, ಪೂರ್ವ 93.5 ಡಿಗ್ರಿ. ನಮ್ಮಲ್ಲಿ ಹೆಚ್ಚುಕಡಿಮೆ ಆಗ್ನೇಯ ಮೂಲೆ, 64 ಡಿಗ್ರಿ ಎತ್ತರ. ಎರಡಡಿ ಡಿಶ್ ಸಾಕು. ಈ ತಟ್ಟೆಗಳು ಆಫ್‌ಸೆಟ್, ಅಂದರೆ ಸಿಗ್ನಲ್ ಓರೆಯಾಗಿ ಹಿಡಿಯುವಂಥವು, ಆದ್ದರಿಂದ ಮುಖ ಅಷ್ಟು ಮೇಲಕ್ಕೆ ನೋಡಿದಂತೆ ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ. ಬೇರೆ ಕಂಪನಿಯ ಹಳೆ ಡಿಶ್ ಇದ್ದರೆ ತಟ್ಟೆ ಅದೇ ನಡೆಯುತ್ತದೆ, ದಿಕ್ಕು ಬದಲಿಸಿ, ಎಲ್‌ಎನ್‌ಬಿ (ತಟ್ಟೆಯ ಮುಂದೆ ಕೂತು ಸಿಗ್ನಲ್ ಹಿಡಿಯುವ ಡಬ್ಬಿ) ಮಾತ್ರ 9750/10600 ಅಂತ ಬರೆದಿರುವ ಯೂನಿವರ್ಸಲ್ ಆಗಿರಲಿ. ಬರೀ 10600 ಇದ್ದರೆ ಸ್ಕ್ಯಾನ್ ಖಾಲಿ ಬರುತ್ತದೆ. ಕೇಬಲ್ ತುದಿಯ ಕನೆಕ್ಟರಿನಲ್ಲಿ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್, ಸೆಟ್‌ಟಾಪ್ ಬಾಕ್ಸಿನ ಎಲ್‌ಎನ್‌ಬಿ ಸಪ್ಲೈ ಹೋಗುತ್ತದೆ.

ಸ್ಕ್ಯಾನ್ ಆದ ಮೇಲೆ ರಿಮೋಟಿನಲ್ಲಿ ಟಿವಿ/ರೇಡಿಯೊ ಗುಂಡಿ ಒತ್ತಿದರೆ ಪಟ್ಟಿ ಬರುತ್ತದೆ. ಟಿವಿ ಬೇಕಾಗುವುದು ಈ ಮೊದಲ ಸಲ ಮಾತ್ರ. ಬಹುತೇಕ ಬಾಕ್ಸುಗಳು ಆರಿಸಿ ಹಚ್ಚಿದಾಗ ಕೊನೆಗೆ ಇಟ್ಟ ಚಾನೆಲ್ಲಿಗೇ ಬರುತ್ತವೆ. ಕೆಂಪು-ಬಿಳಿ ಪಿನ್ನಿನಿಂದ ಆಕ್ಸ್ ವೈರ್ ಎಳೆದು ಸ್ಪೀಕರಿಗೆ ಕೊಡಿ, ಹಳದಿ ಬಿಡಿ. ಹೊಲದ ಮನೆಗಾದರೆ 12 ವೋಲ್ಟ್ ಅಡಾಪ್ಟರಿನ ಬಾಕ್ಸನ್ನೇ ಆರಿಸಿ ತಗೊಳ್ಳಿ. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಮೇಲೆ ನಾಲ್ಕೈದು ಗಂಟೆ ನಿಶ್ಚಿಂತೆಯಿಂದ ಓಡುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಗೆ ನೇರ ಕೊಡಬೇಡಿ, ಎಂಜಿನ್ ಓಡುವಾಗ ಅದು 14 ವೋಲ್ಟ್ ದಾಟುತ್ತದೆ. ನಡುವೆ 12ಕ್ಕೆ ಇಳಿಸುವ ರೆಗ್ಯುಲೇಟರ್ ಇರಲಿ.

ಜೋರು ಮಳೆ ಹೊಡೆದಾಗ ಐದು-ಹತ್ತು ನಿಮಿಷ ಧ್ವನಿ ಹೋಗುತ್ತದೆ, ಡಿಶ್ ಹಿಡಿಯುವ ಕೆಯು ಬ್ಯಾಂಡ್ ತರಂಗಗಳ ಗುಣವೇ ಅದು. ಡಿಶ್ ಸರಿಮಾಡಲು ಹಸಿ ಮಾಳಿಗೆ ಹತ್ತಬೇಡಿ. ಮಳೆ ಇಳಿದರೆ ತಾನೇ ಬರುತ್ತದೆ.